ಮಕ್ಕಳೊಂದಿಗೆ ನಿಲ್ಸ್‌ಕಲ್ಲುಗಳ ಬಯಲಿಗೆ: ಹೊಸನಗರ ಸೀಮೆಯಲ್ಲಿ ಒಂದು ದಿನದ ನಡಿಗೆ

ಶಿವಮೊಗ್ಗದಿಂದ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಬೇಕೆನ್ನುವವರು ಸಾಮಾನ್ಯವಾಗಿ ಕೊಡಚಾದ್ರಿಯನ್ನೇ ಮೊದಲು ನೆನೆಯುತ್ತಾರೆ. 1343 ಮೀಟರ್ ಎತ್ತರದ ಆ ಬೆಟ್ಟವನ್ನು ಏರುವುದು ದೊಡ್ಡವರಿಗೆ ಹಬ್ಬವಾದರೂ, ಆರೇಳು ವರ್ಷದ ಮಗುವಿಗೆ ಅರ್ಧ ದಾರಿ ಕಳೆಯುವಷ್ಟರಲ್ಲಿ ಶಿಕ್ಷೆಯಾಗಿರುತ್ತದೆ. ಉಳಿದರ್ಧ ಅದು ಅಪ್ಪನ ಹೆಗಲ ಮೇಲೆಯೇ ಸಾಗುತ್ತದೆ. ಅದಕ್ಕಿಂತ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಆಸುಪಾಸಿನಲ್ಲಿ, ಬೈಸೆ ಮತ್ತು ನಿಲಸ್ಕಲ್ ಎಂಬ ಊರುಗಳ ಬಯಲಿನಲ್ಲಿ, ಕಬ್ಬಿಣಯುಗದ ಜನ ನೆಟ್ಟು ಹೋದ ಕಲ್ಲುಗಳನ್ನು ನೋಡುವ ಗುರಿಯಿಟ್ಟುಕೊಂಡು ಹೊರಡುವುದು ಒಳ್ಳೆಯದು. ಏರು ಕಡಿಮೆ, ನೋಡುವುದು ಹೆಚ್ಚು. ಅಲ್ಲದೆ ಮಕ್ಕಳು ತಾವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆಯೂ ಅಲ್ಲಿದೆ.

ನಿಲ್ಸ್‌ಕಲ್ಲು, ಅಂದರೆ ನಿಲ್ಲಿಸಿದ ಕಲ್ಲು, ಎನ್ನುವ ಈ ಕಲ್ಲುಗಳು ಕೆತ್ತನೆಯಿಲ್ಲದ, ಚಪ್ಪಟೆಯಾದ ಬಂಡೆಗಳು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಗೆ ಸೇರಿದ ಇಂಥ ನೆಲೆಗಳು ಹೊಸನಗರ ತಾಲ್ಲೂಕಿನ ಮುಂಬಾರಿನಲ್ಲಿಯೂ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಳಿಯೂ ಇವೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮೊದಲಾದ ಸಂಶೋಧಕರು ಈ ಬಯಲುಗಳನ್ನು ಅಳತೆ ಮಾಡಿ, ಕಲ್ಲುಗಳ ಅಗಲವಾದ ಮೈ ಬಹುಮಟ್ಟಿಗೆ ಉತ್ತರ–ದಕ್ಷಿಣವಾಗಿ ಹರಡಿರುವುದನ್ನೂ, ಕೆಲವು ಕಲ್ಲುಗಳ ಜೋಡಿಗಳು ವರ್ಷದ ಅತಿ ದೀರ್ಘ ಮತ್ತು ಅತಿ ಹ್ರಸ್ವ ಹಗಲಿನ ದಿನಗಳಂದು ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ನೇರವಾಗಿರುವುದನ್ನೂ ಗುರುತಿಸಿದ್ದಾರೆ. ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ ಇಷ್ಟನ್ನು ಹೇಳಿದರೆ ಸಾಕು. ಹೆಚ್ಚು ಹೇಳಿದರೆ ಅವರು ಅಲ್ಲಿಗೆ ಹೋಗಿ ಕಂಡುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ.

ಕಾಲವನ್ನು ಆರಿಸುವುದೇ ಈ ನಡಿಗೆಯ ಅತ್ಯಂತ ಕಷ್ಟದ ಭಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ಇಂಬಳಗಳೂ (ನೆಲದ ಜಿಗಣೆಗಳೂ) ಮಕ್ಕಳನ್ನು ಮುಂದೆ ಹೋಗಗೊಡುವುದಿಲ್ಲ. ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ, ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಹುಳುಗಳ ಕಾಲ ಬರುತ್ತದೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಆ ಕಾಯಿಲೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದ್ದರಿಂದ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮುಗಿಯುವವರೆಗಿನ ಅವಧಿಯೇ ಮಕ್ಕಳಿಗೆ ಸೂಕ್ತವೆಂಬುದು ನನ್ನ ಅಭಿಪ್ರಾಯ. ಡಿಸೆಂಬರ್ 21 ಅಥವಾ 22ರ ಸೂರ್ಯಾಸ್ತವನ್ನು ಕಲ್ಲುಗಳ ನಡುವೆ ನೋಡಲೇಬೇಕೆಂಬ ಆಸೆಯಿದ್ದರೆ, ಆ ವರ್ಷ ಸುತ್ತಮುತ್ತ ಮಂಗಗಳು ಸತ್ತಿವೆಯೇ, ಜ್ವರದ ಪ್ರಕರಣಗಳಿವೆಯೇ ಎಂಬುದನ್ನು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಂಡು, ಹೌದೆಂದಾದರೆ ಆಸೆಯನ್ನು ಮುಂದಿನ ವರ್ಷಕ್ಕೆ ದಾಟಿಸಬೇಕು.

ಬಟ್ಟೆಯ ವಿಷಯದಲ್ಲಿ ಒಂದೇ ನಿಯಮ: ಮೈ ಕಾಣಬಾರದು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮುಚ್ಚಿದ ಶೂ. ತಿಳಿಬಣ್ಣದ ಬಟ್ಟೆಯಾದರೆ ಉಣ್ಣೆ ಹತ್ತಿದ್ದು ಕೂಡಲೇ ಕಾಣುತ್ತದೆ. ಒಂದು ವರ್ಷ ಅಕ್ಟೋಬರ್ ನಡುವಿನಲ್ಲಿ ಮಳೆ ಹೋಯಿತೆಂದು ನಂಬಿ ತಂಗಿಯ ಮಗನನ್ನು ಚಪ್ಪಲಿಯಲ್ಲೇ ಕರೆದುಕೊಂಡು ಹೋಗಿದ್ದೆ. ಆ ದಿನ ನಾವು ಕಲ್ಲುಗಳಿಗಿಂತ ಹೆಚ್ಚಾಗಿ ಅವನ ಬೆರಳುಸಂದಿಯ ಇಂಬಳಗಳನ್ನೇ ಎಣಿಸಿದೆವು. ಇಂಬಳ ಹತ್ತಿದರೆ ಕಿತ್ತೆಳೆಯದೆ ಉಪ್ಪನ್ನೋ ಸುಣ್ಣವನ್ನೋ ಸೋಕಿಸಿದರೆ ತಾನೇ ಬಿಡುತ್ತದೆ. ಅದರಿಂದ ನೋವಿಲ್ಲ, ಕಾಯಿಲೆಯ ಹೆದರಿಕೆಯೂ ಇಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟರೆ ಅಳು ಅರ್ಧಕ್ಕೆ ಇಳಿಯುತ್ತದೆ.

ತಲೆಗೊಂದು ಲೀಟರಿನಂತೆ ನೀರು, ಟೋಪಿ, ಕೈಬ್ಯಾಟರಿ, ಬೇಗ ಹಳಸದ ಬುತ್ತಿ, ಇವಿಷ್ಟು ಚೀಲದಲ್ಲಿರಲಿ. ಬುತ್ತಿಗೆ ಚಿತ್ರಾನ್ನ, ಕಲಸಿದ ಅವಲಕ್ಕಿ, ಕಿತ್ತಳೆ ಹಣ್ಣು ಸಾಕು. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಬೇಕು. ಆದರೂ ಕೊನೆಯ ಒಂದೆರಡು ಕಿಲೋಮೀಟರಿಗೆ ನಕ್ಷೆಗಿಂತ ನಗರದ ಪೇಟೆಯಲ್ಲಿ ಚಹಾ ಕುಡಿಯುತ್ತ ಕೇಳಿಕೊಂಡ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೇಳುವುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. ಬೈಸೆಯ ಕಲ್ಲುಗಳಿರುವ ಜಾಗವನ್ನು ನಿಲ್ಸ್‌ಕಲ್ ಬ್ಯಾಣ ಎನ್ನುತ್ತಾರೆ. ಬ್ಯಾಣವೆಂದರೆ ದನಗಳಿಗೆ ಹುಲ್ಲು ಒದಗಿಸುವ ಗುಡ್ಡದ ಬಯಲು. ಮಲೆನಾಡಿನಲ್ಲಿ ಅಂಥ ಜಾಗ ಯಾವುದೋ ಒಂದು ಮನೆಯ ತೋಟ–ಕೊಟ್ಟಿಗೆಗಳೊಂದಿಗೆ ಹೊಂದಿಕೊಂಡಿರುತ್ತದೆ. ಹತ್ತಿರದ ಮನೆಯ ಅಂಗಳದಲ್ಲಿ ನಿಂತು, “ಅಜ್ಜಾ, ನಿಲ್ಸಿದ ಕಲ್ಲು ನೋಡಕ್ಕೆ ಬಂದಿದ್ವಿ, ಹೋಗ್ಬಹುದಾ?” ಎಂದು ಕೇಳಿಯೇ ಮುಂದೆ ಹೋಗಬೇಕು. ಬೇಡವೆಂದರೆ ಹಿಂದಿರುಗಬೇಕು, ಆದರೆ ಬಹುತೇಕ ದಾರಿಯ ಜೊತೆಗೆ ಬೆಲ್ಲ–ನೀರೂ ಸಿಗುತ್ತದೆ. ದಾಟಿದ ದಣಪೆಯ (ಬೇಲಿಯ ಬಾಗಿಲಿನ) ಗಳುಗಳನ್ನು ಮರಳಿ ಹಾಕುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಒಂದು ಗಳು ಮರೆತರೆ ಸಂಜೆಯೊಳಗೆ ದನ ಗದ್ದೆಯಲ್ಲಿರುತ್ತವೆ.

ಬಯಲಿಗೆ ಬಂದ ಮೇಲೆ ಮೊದಲ ಅರ್ಧ ಗಂಟೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು, ಯಾವ ಕಲ್ಲು ನೆಟ್ಟದ್ದು, ಯಾವುದು ತಾನಾಗಿ ಬಿದ್ದದ್ದು ಎಂದು ವಿಂಗಡಿಸಲು ಹೇಳಬೇಕು. ಈ ಸೀಮೆಯಲ್ಲಿ ಬೇರೆ ಬಗೆಯ ನಿಂತ ಕಲ್ಲುಗಳೂ ಧಾರಾಳವಾಗಿರುವುದರಿಂದ ವ್ಯತ್ಯಾಸವನ್ನು ತೋರಿಸಿಕೊಡಬೇಕಾಗುತ್ತದೆ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಅಥವಾ ಬೇರೆ ದೇವರು ಎಂಬಂತೆ ಅಂತಸ್ತುಗಳಿರುತ್ತವೆ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳು ಕಾಣುತ್ತದೆ. ಇವೆರಡೂ ಅಕ್ಷರ ಬಂದ ಮೇಲಿನ ಕಾಲದವು. ಉಳಿಯ ಗುರುತಿಲ್ಲದ ನಿಲ್ಸ್‌ಕಲ್ಲು ಅವಕ್ಕಿಂತ ಎಷ್ಟೋ ಹಿರಿಯದು.

ಇನ್ನು ಪರೀಕ್ಷೆ. ಮಧ್ಯಾಹ್ನದ ಹೊತ್ತಿಗೆ ಸಮತಟ್ಟಾದ ನೆಲದ ಮೇಲೆ, ಕಲ್ಲುಗಳಿಂದ ದೂರದಲ್ಲಿ, ಒಂದು ಕೋಲನ್ನು ನೆಟ್ಟಗೆ ಎತ್ತಿ ಹಿಡಿಯಲು ಸಣ್ಣ ಕಲ್ಲುಗಳ ಆಧಾರ ಕೊಡಿ, ನೆಲವನ್ನು ಅಗೆಯಬೇಡಿ. ಕೋಲಿನ ನೆರಳಿನ ತುದಿಗೆ ಒಂದು ಎಲೆಯನ್ನಿಟ್ಟು, ಇಪ್ಪತ್ತು ನಿಮಿಷ ಬುತ್ತಿ ತಿಂದು, ನೆರಳು ಸರಿದ ಜಾಗದಲ್ಲಿ ಇನ್ನೊಂದು ಎಲೆಯನ್ನಿಡಿ. ಮೊದಲ ಎಲೆ ಪಶ್ಚಿಮ, ಎರಡನೆಯದು ಪೂರ್ವ. ಆ ಗೆರೆಗೆ ಅಡ್ಡವಾದದ್ದು ಉತ್ತರ–ದಕ್ಷಿಣ. ಈಗ ಕಲ್ಲುಗಳ ಅಗಲವಾದ ಮೈ ಯಾವ ಗೆರೆಗೆ ಹೊಂದುತ್ತದೆಂದು ಮಕ್ಕಳೇ ನೋಡಲಿ.

ಡಿಸೆಂಬರ್ ಕೊನೆಯಲ್ಲಿ ಈ ಅಕ್ಷಾಂಶದಲ್ಲಿ ಸೂರ್ಯ ನೇರ ಪಶ್ಚಿಮದಿಂದ ದಕ್ಷಿಣಕ್ಕೆ ಸುಮಾರು 24 ಡಿಗ್ರಿ ಸರಿದು ಮುಳುಗುತ್ತಾನೆ. ಚಾಚಿದ ಕೈಯ ಮುಷ್ಟಿಯ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಮಗುವಿನ ಕೈ ಚಿಕ್ಕದು, ಮುಷ್ಟಿಯೂ ಚಿಕ್ಕದು, ಹಾಗಾಗಿ ಲೆಕ್ಕ ಅದೇ. ಪಶ್ಚಿಮದಿಂದ ಎಡಕ್ಕೆ ಎರಡೂವರೆ ಮುಷ್ಟಿ ಅಳೆದು, ಆ ದಿಕ್ಕಿಗೆ ಯಾವ ಎರಡು ಕಲ್ಲುಗಳು ಒಂದರ ಹಿಂದೊಂದು ಬರುತ್ತವೆಂದು ಹುಡುಕಬಹುದು. ಬಲಕ್ಕೆ ಅಷ್ಟೇ ಅಳೆದರೆ ಜೂನ್ 21ರ ಸೂರ್ಯಾಸ್ತದ ದಿಕ್ಕು; ಮುಂಗಾರು ಮೋಡದ ಮರೆಯಲ್ಲಿ ಅದು ನಮಗೆ ಕಾಣುವುದು ಅಪರೂಪ. ಕಲ್ಲುಗಳು ಹೆಚ್ಚಿದ್ದಷ್ಟೂ ಯಾವುದಾದರೊಂದು ಜೋಡಿ ಆಕಸ್ಮಿಕವಾಗಿಯೇ ಹೊಂದಿಬಿಡುತ್ತದೆ ಎಂಬುದನ್ನು ದೊಡ್ಡ ಮಕ್ಕಳಿಗೆ ಹೇಳಬೇಕು. ಸಂಶೋಧಕರು ಒಂದು ಜೋಡಿಯನ್ನಲ್ಲ, ಇಡೀ ಬಯಲನ್ನು ಅಳೆದದ್ದು ಅದಕ್ಕೇ. ಮಕರ ಸಂಕ್ರಾಂತಿಯನ್ನು ಜನವರಿ 14ರ ಸುಮಾರಿಗೆ ಆಚರಿಸಿದರೂ ಸೂರ್ಯ ಉತ್ತರಕ್ಕೆ ತಿರುಗುವುದು ಅದಕ್ಕಿಂತ ಮೂರು ವಾರ ಮೊದಲು ಎಂಬುದೂ ಇಲ್ಲಿ ಕಣ್ಣಾರೆ ಅರ್ಥವಾಗುತ್ತದೆ.

ಕಲ್ಲಿನ ಮೇಲೆ ಹತ್ತಬಾರದು, ಒರಗಬಾರದು, ಸುಣ್ಣಕಡ್ಡಿಯಿಂದ ಗುರುತು ಮಾಡಬಾರದು, ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಲು ಹೋಗಬಾರದು. ಅದು ಬಿದ್ದಿರುವ ರೀತಿಯೂ ಓದುವವರಿಗೆ ಸಾಕ್ಷಿ. ಮಡಕೆಯ ಚೂರು ಸಿಕ್ಕರೆ ನೋಡಿ ಅಲ್ಲೇ ಬಿಡಬೇಕು. ಕಲ್ಲಿಗೆ ಕುಂಕುಮ, ಹೂವು ಇದ್ದರೆ ಅದು ಯಾರದೋ ದೇವರು. ಕಾಲಿನದನ್ನು ಕಳಚಿ ದೂರದಿಂದ ನೋಡಿದರಾಯಿತು.

ಒಟ್ಟು ನಡಿಗೆ ನಾಲ್ಕು ಕಿಲೋಮೀಟರ್ ಮೀರದಿರಲಿ. ಹೊತ್ತು ಉಳಿದರೆ ರಸ್ತೆಯ ಬದಿಯಲ್ಲೇ ಇರುವ ನಗರದ ಕೋಟೆಯನ್ನು ನೋಡಬಹುದು. ಕೆಳದಿ ಅರಸರ ಬಿದನೂರು 1763ರಲ್ಲಿ ಹೈದರಾಲಿಯ ಕೈಸೇರಿ ಹೈದರ್‌ನಗರವಾಗಿ, ಕೊನೆಗೆ ಬರೀ ನಗರವಾಗಿ ಉಳಿದ ಕಥೆ ಅಲ್ಲಿದೆ. ಕವಲೇದುರ್ಗವನ್ನು ಅದೇ ದಿನಕ್ಕೆ ಸೇರಿಸುವುದು ಬೇಡ, ಅದು ಬೇರೆಯೇ ಒಂದು ದಿನವನ್ನು ಬೇಡುತ್ತದೆ. ತೀರ್ಥಹಳ್ಳಿಯ ಮಾರ್ಗವಾಗಿ ಹಿಂದಿರುಗಿ ಮರುದಿನ ಕುಪ್ಪಳಿಗೆ ಹೋಗುವವರಿಗೆ ಒಂದು ಮಾತು: ಕವಿಶೈಲದಲ್ಲಿ ವೃತ್ತಾಕಾರವಾಗಿ ನಿಲ್ಲಿಸಿರುವ ಭಾರಿ ಕಲ್ಲುಗಳು ಕಲಾವಿದ ಕೆ. ಟಿ. ಶಿವಪ್ರಸಾದ್ ಅವರ ವಿನ್ಯಾಸದವು, ನಮ್ಮ ಕಾಲದವು. ಮಕ್ಕಳು ಅವನ್ನೂ ನಿಲ್ಸ್‌ಕಲ್ಲೆಂದು ಕರೆಯುತ್ತಾರೋ, ಬೇರೆಯೆಂದು ಗುರುತಿಸುತ್ತಾರೋ ಕಾದು ನೋಡಿ.

ಮನೆಗೆ ಬಂದ ಕೂಡಲೇ ಎಲ್ಲರೂ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಮಕ್ಕಳ ಕಂಕುಳು, ಕಿವಿಯ ಹಿಂಭಾಗ, ಮಂಡಿಯ ಸಂದುಗಳಲ್ಲಿ ಉಣ್ಣೆಯಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ತೊಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಮುಂದಿನ ಎಂಟು ಹತ್ತು ದಿನಗಳಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ, ವೈದ್ಯರು ಕೇಳುವವರೆಗೆ ಕಾಯದೆ ಹೊಸನಗರದ ಕಡೆ ಕಾಡಂಚಿನಲ್ಲಿ ತಿರುಗಿ ಬಂದ ಸಂಗತಿಯನ್ನು ಮೊದಲು ಹೇಳಬೇಕು.