ಎನ್‌ಐಸಿಯುನಲ್ಲಿರೋ ಕೂಸು: ತೂಕ, ಎದೆಹಾಲು, ಕಣ್ಣಿನ ತಪಾಸಣೆ

ದಾವಣಗೆರೆಯಲ್ಲಿ ಕೂಸನ್ನ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿಸಿರೋ ಅಪ್ಪ-ಅಮ್ಮಂದಿರ ಗಮನಕ್ಕೆ.

ತೂಕ ಇಳಿದರೆ ಗಾಬರಿಯಾಗಬೇಡಿ. ದಿನ ತುಂಬದೆ ಹುಟ್ಟಿದ ಮಗು ಮೊದಲ ವಾರ ಶೇ 10-15ರಷ್ಟು ಇಳಿಯುತ್ತೆ, ಹೆಚ್ಚಿನದು ಮೈನೀರು. ಸುಮಾರು ಎರಡು ವಾರಕ್ಕೆ ಹುಟ್ಟಿದಾಗಿನ ತೂಕ ಮುಟ್ಟುತ್ತೆ. ಆಮೇಲೆ ಒಂದೂವರೆ ಕೆಜಿ ಕೂಸು ದಿನಕ್ಕೆ 20-25 ಗ್ರಾಂ ಏರಿದರೆ ಚೆನ್ನಾಗಿದೆ. ಒಂದು ದಿನದ್ದಲ್ಲ, ವಾರದ ಲೆಕ್ಕ ಕೇಳಿ.

ಹಾಲು ಮಾತ್ರ ನಿಮ್ಮ ಕೈಯಲ್ಲೇ ಇದೆ. ಹೆರಿಗೆಯಾದ ಕೆಲವೇ ಗಂಟೆಯಲ್ಲಿ ಹಿಂಡೋಕೆ ಶುರು ಮಾಡಿ. 2-3 ಗಂಟೆಗೊಮ್ಮೆ, ದಿನಕ್ಕೆ 8 ಸಲ, ರಾತ್ರಿಯೂ ಬಿಡಬಾರದು. ಹೆಬ್ಬೆರಳು, ತೋರುಬೆರಳನ್ನ ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿಗಿಟ್ಟು ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಹಿಂಡಿ. ತೊಟ್ಟನ್ನೇ ಎಳೆದರೆ ನೋವು, ಹಾಲು ಬರಲ್ಲ. ಮೊದಲ ಗಿಣ್ಣುಹಾಲು ನಾಲ್ಕೇ ಹನಿ ಬಂದರೂ ಕೊಡಿ. ನಳಿಕೆಯಲ್ಲಿ 1 ಮಿಲಿ ಕುಡಿಯೋ ಕೂಸಿಗೆ ಅದು ಸಣ್ಣದಲ್ಲ. ಹೊರಗಿಟ್ಟ ಹಾಲು 4 ಗಂಟೆ ತಡೆಯುತ್ತೆ ಅನ್ನೋದು 25 ಡಿಗ್ರಿ ಲೆಕ್ಕ, ನಮ್ಮ ಏಪ್ರಿಲ್ ಬಿಸಿಲಿಗಲ್ಲ. ಜಗಳೂರು, ಚನ್ನಗಿರಿ ಕಡೆಯಿಂದ ತರೋರು ಐಸ್ ಪ್ಯಾಕ್ ಹಾಕಿದ ಡಬ್ಬಿಯಲ್ಲೇ ತನ್ನಿ, ತಾಯಿ ಹೆಸರು, ಹಿಂಡಿದ ಹೊತ್ತು ಬರೆದಿರಲಿ.

ಡಾಕ್ಟರು ಒಪ್ಪಿದ ದಿನದಿಂದಲೇ ಕಾಂಗರೂ ಆರೈಕೆ (ಕೂಸನ್ನ ಬರಿ ಎದೆಗೆ, ಮೈಗೆ ಮೈ ತಾಗುವಂತೆ ಒರಗಿಸಿಕೊಳ್ಳೋದು) ಮಾಡಿ, ಒಂದು ಸಲಕ್ಕೆ ಕನಿಷ್ಠ 1 ಗಂಟೆ. ಅಪ್ಪನೂ ಮಾಡಬಹುದು.

ಹೆಚ್ಚಾಗಿ ತಪ್ಪಿಹೋಗೋದು ಕಣ್ಣಿನ ರೆಟಿನಾ (ಕಣ್ಣಿನ ಒಳಪರದೆ) ತಪಾಸಣೆ. ಕೂಸು ಹುಟ್ಟಿದಾಗ 2 ಕೆಜಿಗಿಂತ ಕಡಿಮೆ ಇದ್ದರೆ ಅಥವಾ ಗರ್ಭದ 34 ವಾರದೊಳಗೆ ಹುಟ್ಟಿದ್ದರೆ, ಹುಟ್ಟಿದ 30 ದಿನದೊಳಗೆ ಆಗಲೇಬೇಕು. 28 ವಾರದೊಳಗಿನದಕ್ಕೆ 2-3 ವಾರದಲ್ಲೇ. ಹೊರಗಿಂದ ಕಣ್ಣು ಚೆನ್ನಾಗೇ ಕಾಣುತ್ತೆ, ಬಾಣಂತನಕ್ಕೆ ಊರಿಗೆ ಹೋದ ಮೇಲೆ ಯಾರಿಗೂ ನೆನಪಾಗಲ್ಲ. ಡಿಸ್ಚಾರ್ಜ್ ಚೀಟಿಯಲ್ಲೇ ದಿನಾಂಕ ಬರೆಸಿಕೊಳ್ಳಿ.