‘ಹ್ಯಾಪಿ ಮೆಮೋರಿಯಲ್ ಡೇ’ ಅಂದುಬಿಟ್ಟೆ

ಅಟ್ಲಾಂಟಾಕ್ಕೆ ಹೊಸದಾಗಿ ಬಂದವರು ಯುಗಾದಿ ಊಟದಲ್ಲಿ ಪಕ್ಕ ಕೂತರೆ ಕೇಳುವುದು ಮೂರೇ: ಸೋಷಿಯಲ್ ಸೆಕ್ಯುರಿಟಿ ನಂಬರ್, ಲೈಸೆನ್ಸ್, ಒಳ್ಳೆ ಸ್ಕೂಲು ಯಾವ ಕಡೆ. ಪಾಸ್‌ಪೋರ್ಟು, ವೀಸಾ, ದೇಶದೊಳಗೆ ಬಂದ ದಾಖಲೆಯಾದ ಐ-94, ಬಾಡಿಗೆ ಕರಾರು ಎಲ್ಲ ಒಂದೇ ಫೈಲಿನಲ್ಲಿಡಿ, ಉಳಿದದ್ದು ಆಫೀಸಿನವರೇ ಹೇಳುತ್ತಾರೆ. ನಾನು ಹೇಳಹೊರಟಿದ್ದು ಯಾವ ಕೌಂಟರಿನಲ್ಲೂ ಕೇಳದ ಸಂಗತಿ. ಈ ದೇಶದ ಈಚಿನ ಚರಿತ್ರೆ ಗೊತ್ತಿಲ್ಲದೆ ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಎಡವಟ್ಟುಗಳು.

ಬಂದ ಮೊದಲ ಮೇ ತಿಂಗಳು. ಕಡೆಯ ಸೋಮವಾರ ಮೆಮೋರಿಯಲ್ ಡೇ, ರಜೆ. ನಮಗೆ ರಜೆ ಅಂದರೆ ಹಬ್ಬ ತಾನೆ? ಒಂದು ಡಬ್ಬಿ ಚಿತ್ರಾನ್ನ ಹಿಡಿದು ಪಕ್ಕದ ಮನೆ ಯಜಮಾನರ ಬಾಗಿಲು ತಟ್ಟಿ, ಹಲ್ಲು ಕಿಸಿದು ‘ಹ್ಯಾಪಿ ಮೆಮೋರಿಯಲ್ ಡೇ’ ಅಂದೆ. ಅವರ ತಲೆ ಮೇಲೆ ವಿಯೆಟ್ನಾಂ ಅಂತ ಹೊಲಿದ ಕಪ್ಪು ಟೋಪಿ. ಡಬ್ಬಿ ತಗೊಂಡರು, ಥ್ಯಾಂಕ್ಸ್ ಹೇಳಿದರು, ಆಮೇಲೆ ಮೆಲ್ಲಗೆ, ‘ನನ್ನ ತಮ್ಮ ಅಲ್ಲಿಂದ ವಾಪಸ್ ಬರಲಿಲ್ಲ’ ಅಂದರು. ತಿಥಿ ಮನೆಗೆ ಹೋಗಿ ಹಬ್ಬದ ಶುಭಾಶಯ ಹೇಳಿದ ಹಾಗಾಯಿತು ಮಾರಾಯ್ರೆ. ಸತ್ತ ಸೈನಿಕರನ್ನು ನೆನೆಯುವುದು ಮೇನಲ್ಲಿ. ಸೇನೆಯಲ್ಲಿದ್ದು ಬಂದವರ ಕೈಕುಲುಕುವ ದಿನ ನವೆಂಬರ್ 11.

ಮುಂದೆ ವಾಷಿಂಗ್ಟನ್ನಿಗೆ ಹೋದಾಗ ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಪ್ಪು ಗ್ರಾನೈಟ್ ಗೋಡೆ ಹುಡುಕಿಕೊಂಡು ಹೋದೆ. 1982ರಲ್ಲಿ ಎದ್ದದ್ದು, 58,000ಕ್ಕೂ ಹೆಚ್ಚು ಹೆಸರು. ಅಕಾರಾದಿಯಲ್ಲಿಲ್ಲ, ಸತ್ತ ದಿನದ ಕ್ರಮದಲ್ಲಿವೆ. ಅಲ್ಲಿಟ್ಟಿರುವ ದಪ್ಪ ಪುಸ್ತಕದಲ್ಲಿ ಫಲಕದ ನಂಬರು, ಸಾಲಿನ ನಂಬರು ನೋಡಿಕೊಂಡು ಹೋಗಬೇಕು. ಪಕ್ಕದ ಮನೆಯವರ ತಮ್ಮನ ಹೆಸರಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದೆ. ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬಂತು. ತಂದುಕೊಟ್ಟೆ. ಈಗ ಮೇ ಬಂದರೆ ಚಿತ್ರಾನ್ನ ಕೊಟ್ಟು ಬಾಯಿ ಮುಚ್ಚಿಕೊಂಡು ಬರುತ್ತೇನೆ.

ಯುದ್ಧ ಅವರದು, ನಮಗೇನು ಅನ್ನಬೇಡಿ. ಗ್ರೀನ್ ಕಾರ್ಡ್ ಇರುವ ಗಂಡುಮಕ್ಕಳಿಗೂ 18 ತುಂಬಿದರೆ ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ, ಅಂದರೆ ಬೇಕಾದರೆ ಸೇನೆಗೆ ಕರೆಯಬಹುದಾದವರ ಪಟ್ಟಿಯಲ್ಲಿ, ಹೆಸರಿರಬೇಕು. ಕಡ್ಡಾಯ ಸೇನಾ ಭರ್ತಿ 1973ಕ್ಕೇ ನಿಂತಿತು, ಪಟ್ಟಿ ಮಾತ್ರ ಈಗಲೂ ಇದೆ. ಮಗನ ಹೆಸರು ಸೇರಿಸಿದ ರಾತ್ರಿ ನಮ್ಮ ಮನೆಯವರು ಎರಡು ತುತ್ತು ತಿಂದು ಎದ್ದರು.

ಇದಕ್ಕಿಂತ ದೊಡ್ಡ ತಪ್ಪು ಆಫೀಸಿನಲ್ಲಾಯಿತು. ಊಟದ ಹೊತ್ತಿಗೆ ಇಲ್ಲಿನ ಮೀಸಲಾತಿಯ ಮಾತು ಬಂತು. ನಾನು ಊರಿಂದ ತಂದ ಪಾಠ ಒಪ್ಪಿಸಿದೆ: ‘ನಾವು ಯಾರ ಹಂಗೂ ಇಲ್ಲದೆ ಮಾರ್ಕ್ಸ್ ತೆಗೆದು ಬಂದವರು.’ ಎದುರು ಕೂತಿದ್ದವರು ಅಲಬಾಮಾದಲ್ಲಿ ಬೆಳೆದ ಕಪ್ಪು ಹೆಂಗಸು. ತಟ್ಟೆಯಿಂದ ತಲೆ ಎತ್ತದೆ ಕೇಳಿದರು: ‘1965ಕ್ಕೆ ಮೊದಲು ಯಾಕೆ ಬರಲಿಲ್ಲ? ಆಗ ನಿಮ್ಮೂರಲ್ಲಿ ಯಾರೂ ಓದುತ್ತಿರಲಿಲ್ವಾ?’

ಮನೆಗೆ ಬಂದು ಓದಿದೆ. 1946ರ ಕಾನೂನು ಇಡೀ ಭಾರತಕ್ಕೆ ಕೊಟ್ಟ ಪಾಲು ವರ್ಷಕ್ಕೆ 100 ಜನ, ಎರಡು ಕೆಎಸ್‌ಆರ್‌ಟಿಸಿ ಬಸ್ಸು ತುಂಬುವಷ್ಟು. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾ ಊರಿನ ಸೇತುವೆ ಮೇಲೆ, ಕಪ್ಪು ಜನರಿಗೆ ಮತದಾನದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ಬಡಿದರು. ಮುಂದಾಳು ಜಾನ್ ಲೂಯಿಸರ ತಲೆಬುರುಡೆ ಬಿರುಕುಬಿಟ್ಟಿತು. ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು. ಅಕ್ಟೋಬರ್ 3ಕ್ಕೆ ಅದೇ ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾನೂನಿಗೂ ಸಹಿ ಹಾಕಿದರು. ಹುಟ್ಟಿದ ದೇಶ ನೋಡಿ ಪಾಲು ಹಂಚುವ ಹಳೆಯ ಪದ್ಧತಿ ಹೋಯಿತು. ಬಣ್ಣ ನೋಡಿ ಮನುಷ್ಯರನ್ನು ಅಳೆಯಬಾರದು ಅಂತ ಬೀದಿಯಲ್ಲಿ ಪೆಟ್ಟು ತಿಂದವರು ಅವರು, ಆ ಗಾಳಿಗೆ ತೆರೆದ ಬಾಗಿಲಲ್ಲಿ ನುಗ್ಗಿದವರು ನಾವು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇದೆಲ್ಲೂ ನಮೂದಾಗಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಪಂಜಾಬಿನಿಂದ ವಲಸೆ ಬಂದ ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟವರು. ಪೌರತ್ವಕ್ಕಾಗಿ ಕೋರ್ಟಿನಲ್ಲಿ ಅವರು ಹೂಡಿದ ವಾದ ಏನು ಗೊತ್ತೇ? ತಾನು ಆರ್ಯ, ಮೇಲ್ಜಾತಿಯವನು, ಆದ್ದರಿಂದ ಬಿಳಿಯನೇ! 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1936ರಲ್ಲಿ ಕಡೆಗೂ ಪೌರತ್ವ ಸಿಕ್ಕಿದ್ದು ಮಾಜಿ ಸೈನಿಕ ಅನ್ನುವ ಕಾರಣಕ್ಕೆ. ನಗುವಂತಿಲ್ಲ, ನಾನು ಊಟದ ಮೇಜಿನಲ್ಲಿ ಹೂಡಿದ್ದೂ ಹೆಚ್ಚುಕಡಿಮೆ ಅದೇ ವಾದ.

ಅಟ್ಲಾಂಟಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕಕ್ಕೆ ಹೇಗೂ ಹೋಗುತ್ತೀರಿ. ಮೊದಲ ಸಲ ನಾವು ಅಲ್ಲಿರುವ ಗಾಂಧಿ ಪ್ರತಿಮೆ ಮುಂದೆ ಸಾಲಾಗಿ ನಿಂತು ಫೋಟೊ ಹೊಡೆಸಿಕೊಂಡು, ಊರಿಗೆ ಕಳಿಸಿ, ಹಸಿವಾಯಿತೆಂದು ಹೊರಟುಬಿಟ್ಟೆವು. ಕಿಂಗ್ ಮತ್ತು ಅವರ ಹೆಂಡತಿ ಕೊರೆಟಾ ಮಲಗಿರುವುದು ರಸ್ತೆಯ ಆ ಬದಿ, ನೀರಿನ ನಡುವೆ. ನೀವು ರಸ್ತೆ ದಾಟಿ.

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಪುಸ್ತಕದಲ್ಲೊಂದು ಕಪ್ಪುಬಿಳುಪು ಫೋಟೊ ತೋರಿಸಿದಳು. ಎರಡು ಕುಡಿಯುವ ನೀರಿನ ನಲ್ಲಿ, ಮೇಲೆ ಎರಡು ಬೋರ್ಡು: ಒಂದು ಬಿಳಿಯರಿಗೆ, ಒಂದು ಕಪ್ಪು ಜನರಿಗೆ. ‘ಅಮ್ಮ, ನಾವಾಗಿದ್ದರೆ ಯಾವುದು?’ ‘ನಮ್ಮನ್ನೂ ದೂರ ಇಡುತ್ತಿದ್ದರು ಪುಟ್ಟಿ’ ಅಂತ ಥಟ್ಟನೆ ಅಂದೆ. ನೊಂದವರ ಸಾಲಿನಲ್ಲಿ ಜಾಗ ಹಿಡಿಯುವುದು ಎಷ್ಟು ಸಲೀಸು. ಅವಳು ಬಿಡಲಿಲ್ಲ. ‘ಮತ್ತೆ ನಿನ್ನ ಊರಲ್ಲಿ?’

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಹಿತ್ತಲು ಕಣ್ಣಿಗೆ ಕಟ್ಟಿತು. ಅಡಿಕೆ ಕೊಯ್ಲಿನ ದಿನ ಅಜ್ಜಿ ಮೆಟ್ಟಿಲ ಮೇಲೆ ನಿಂತು ಚೊಂಬು ಎತ್ತಿ ಹಿಡಿದು ನೀರು ಬಿಡುತ್ತಿದ್ದರು, ಕೆಳಗೆ ಬಗ್ಗಿದವರ ಬೊಗಸೆಗೆ. ಕಾಫಿ ಗೆರಟೆಯಲ್ಲಿ. ಗೆರಟೆ ತೊಳೆದು ಬೇಲಿಗೆ ಸಿಕ್ಕಿಸುವ ಕೆಲಸವೂ ಕುಡಿದವರದೇ. ಬೋರ್ಡು ಬೇಕಿರಲಿಲ್ಲ. ಎಂಟು ವರ್ಷದವಳಿದ್ದಾಗ ಆ ಚೊಂಬು ನಾನೂ ಹಿಡಿದಿದ್ದೇನೆ, ಎತ್ತರ ಸಾಲದೆಂದು ಮಣೆ ಹತ್ತಿ.

ಅವಳಿಗೆ ಹೇಳಿದೆ. ಕನ್ನಡ ಸರಿಯಾಗಿ ಕಲಿಸದ ತಪ್ಪಿಗೆ ಅರ್ಧ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಗೆರಟೆ ಅಂದರೇನೆಂದು ಕಾಗದದ ಮೇಲೆ ಬರೆದು ತೋರಿಸಿದೆ. ಚಿತ್ರ ನೋಡುತ್ತಾ ಕೇಳಿದಳು, ‘ಅವರ ಹೆಸರೇನಮ್ಮ?’

ನನಗೆ ಗೊತ್ತಿರಲಿಲ್ಲ. ಆ ಶನಿವಾರ ಊರಿಗೆ ಫೋನ್ ಮಾಡಿದೆ. ಅಮ್ಮ ಸುಮಾರು ಹೊತ್ತು ಯೋಚಿಸಿದರು. ಎರಡು ಹೆಸರು ನೆನಪಾದವು.