ಹೊಸ ಮೆಟಲ್ ಡಿಟೆಕ್ಟರ್: ಗೋವಾದ ಮರಳಿನಲ್ಲಿ ನಾಣ್ಯ ಹುಡುಕುವ ಕ್ರಮ

ವಾಸ್ಕೋದ ನನ್ನ ಮನೆಗೆ ಮೆಟಲ್ ಡಿಟೆಕ್ಟರ್ ಬಂದ ಸಂಜೆಯೇ ಅದನ್ನು ಹೊತ್ತುಕೊಂಡು ಬೈನಾ ಕಡಲತೀರಕ್ಕೆ ಹೋಗಿ, ಎರಡು ಗಂಟೆ ಮರಳು ತೋಡಿ, ಒಂದು ಕಿಸೆ ತುಂಬ ಬಿಯರ್ ಬಾಟಲಿಯ ಮುಚ್ಚಳಗಳೊಂದಿಗೆ ಹಿಂದಿರುಗಿದ್ದೆ. ಯಂತ್ರದಲ್ಲಿ ದೋಷವಿರಲಿಲ್ಲ, ಅದು ಯಾವ ಲೋಹಕ್ಕೆ ಯಾವ ದನಿ ಕೊಡುತ್ತದೆ ಎಂಬುದನ್ನು ನಾನು ಕಲಿತಿರಲಿಲ್ಲ.

ಯಂತ್ರದ ಕೈಪಿಡಿ ಹೊರದೇಶದ ನಾಣ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂಬುದನ್ನು ಮೊದಲು ತಿಳಿಯಬೇಕು. ಮೊಳೆ, ತಂತಿಗಳ ಕಾಟ ತಪ್ಪಿಸಲು ಕಬ್ಬಿಣದ ಸದ್ದನ್ನು ಪೂರ್ತಿಯಾಗಿ ಅಡಗಿಸಿ ಎಂದು ಅದು ಹೇಳುತ್ತದೆ. ಆದರೆ 1992ರಿಂದ ಬಂದ ನಮ್ಮ ಚಿಕ್ಕ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದು. ಸಂದೇಹವಿದ್ದರೆ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತಂದು ಮುಟ್ಟಿಸಿ ನೋಡಬಹುದು. ಲೋಹಕ್ಕೆ ತಕ್ಕಂತೆ ಯಂತ್ರದ ಪರದೆಯಲ್ಲಿ ಒಂದು ಅಂಕೆ ಮೂಡುತ್ತದೆ; ನನ್ನ ಯಂತ್ರದಲ್ಲಿ ಇಂಥ ನಾಣ್ಯದ ಅಂಕೆ ಒಂದೆಡೆ ನಿಲ್ಲದೆ, ಬಾಟಲಿ ಮುಚ್ಚಳದಂತೆಯೇ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತದೆ. ಆದ್ದರಿಂದ ಕೈಪಿಡಿಯ ಮಾತು ಕೇಳಿ ಕಬ್ಬಿಣವನ್ನು ಅಡಗಿಸಿದವರು ನಮ್ಮ ಚಿಲ್ಲರೆಯ ಬಹುಭಾಗವನ್ನೂ ಅಡಗಿಸಿದಂತೆಯೇ. ಮೊದಲ ತಿಂಗಳು ಯಾವ ಲೋಹವನ್ನೂ ಅಡಗಿಸದೆ ಎಲ್ಲ ದನಿಗಳನ್ನೂ ಕೇಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈ ಪಾಠ ಮನೆಯಲ್ಲೇ ಆರಂಭವಾಗಲಿ. ಕಾಂಕ್ರೀಟ್ ನೆಲದೊಳಗಿನ ಕಬ್ಬಿಣದ ಸರಳುಗಳು ಯಂತ್ರವನ್ನು ಕಂಗೆಡಿಸುವುದರಿಂದ, ಮೊಳೆಯಿಲ್ಲದ ಮರದ ಬೆಂಚಿನ ಮೇಲೆ ಕಾಯಿಲನ್ನು (ಕೋಲಿನ ತುದಿಯಲ್ಲಿರುವ, ಲೋಹವನ್ನು ಗುರುತಿಸುವ ತಟ್ಟೆ) ಮೇಲ್ಮುಖವಾಗಿಟ್ಟು, ಉಂಗುರ, ಬಳೆ, ಕೈಗಡಿಯಾರ ತೆಗೆದಿರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಬೇಕು. ಬಳಿಕ ಒಂದೊಂದೇ ನಾಣ್ಯವನ್ನು ಒಂದು ಗೇಣು ಎತ್ತರದಲ್ಲಿ ಆಚೆ ಈಚೆ ಆಡಿಸಿ, ಬಂದ ದನಿಯನ್ನೂ ಅಂಕೆಯನ್ನೂ ನೋಟುಪುಸ್ತಕದಲ್ಲಿ ಬರೆದುಕೊಳ್ಳಬೇಕು: ಒಂಬತ್ತು ಗ್ರಾಂ ತೂಕದ ಹಳೆಯ ದಪ್ಪ ಐದು ರೂಪಾಯಿ, ಎರಡು ಲೋಹದ ಹತ್ತು ರೂಪಾಯಿ, ಅಜ್ಜಿಯ ಡಬ್ಬಿಯಲ್ಲಿ ಉಳಿದಿರಬಹುದಾದ ಅಲ್ಯೂಮಿನಿಯಂ ಪೈಸೆ, ಅವುಗಳ ಜೊತೆಗೆ ಒಂದು ಬಾಟಲಿ ಮುಚ್ಚಳ, ಒಂದು ಮೊಳೆ, ಮಾತ್ರೆಯ ಪಟ್ಟಿಯ ಬೆಳ್ಳಿಹಾಳೆ. ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿಯೂ ಪರೀಕ್ಷಿಸಬೇಕು. ಮಲಗಿದಾಗ ಸ್ಪಷ್ಟವಾಗಿ ಕೂಗಿದ ಅದೇ ನಾಣ್ಯ ನಿಂತಾಗ ಕ್ಷೀಣವಾಗಿ ಗೊಣಗುತ್ತದೆ.

ಗೋವಾದಲ್ಲಿ ಕಷ್ಟ ಕೊಡುವುದು ನೆಲ. ಊರೊಳಗಿನ ಕೆಂಪು ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಬಹಳ; ಕಡಲತೀರದ ಒದ್ದೆ ಮರಳಿನಲ್ಲಿ ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ; ಎರಡೂ ಕಡೆ ನಾಣ್ಯವಿಲ್ಲದೆಯೇ ಯಂತ್ರ ಕಿರುಚುತ್ತದೆ. ಇದಕ್ಕೆ ಪರಿಹಾರ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ್ದೇ ಸದ್ದನ್ನು ಯಂತ್ರ ಲೆಕ್ಕಿಸದಂತೆ ಹೊಂದಿಸುವುದು. ಲೋಹವಿಲ್ಲದ ಜಾಗ ಹುಡುಕಿ, ಅದರ ಗುಂಡಿ ಒತ್ತಿ ಹಿಡಿದು, ಕಾಯಿಲನ್ನು ನೆಲದ ಸಮೀಪದಿಂದ ಮೊಣಕಾಲೆತ್ತರಕ್ಕೆ ನಿಧಾನವಾಗಿ ಏರಿಳಿಸುತ್ತಿದ್ದರೆ ಕೆಲವೇ ಕ್ಷಣಗಳಲ್ಲಿ ಗದ್ದಲ ತಗ್ಗುತ್ತದೆ. ಒಣ ಮರಳಿನಿಂದ ಒದ್ದೆ ಮರಳಿಗೆ ಇಳಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಆದರೂ ಸದ್ದು ನಿಲ್ಲದಿದ್ದರೆ ಸೆನ್ಸಿಟಿವಿಟಿಯನ್ನು (ಯಂತ್ರದ ಸೂಕ್ಷ್ಮತೆ) ಇಳಿಸಬೇಕೇ ಹೊರತು ಸಹಿಸಿಕೊಳ್ಳಬಾರದು. ಒಂದೇ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ, ಉಪ್ಪುನೀರಿನ ಸದ್ದನ್ನು ಚೆನ್ನಾಗಿ ಬೇರ್ಪಡಿಸಲಾರದ ಅಗ್ಗದ ಯಂತ್ರವಿದ್ದವರು ಅಲೆ ಮುಟ್ಟದ ಒಣ ಮರಳಿನಲ್ಲಿಯೇ ಕಲಿಯುವುದು ಲೇಸು. ಜನ ಕುಳಿತು ಏಳುವುದು, ಕಿಸೆಯಿಂದ ದುಡ್ಡು ಜಾರುವುದು ಹೆಚ್ಚಾಗಿ ಅಲ್ಲಿಯೇ.

ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ, ಎರಡು ಬೆರಳಿನಷ್ಟು ಮೇಲೆ ಹಿಡಿದು ಬೀಸಬೇಕು. ಬೀಸಿನ ಕೊನೆಯಲ್ಲಿ ಕಸಪೊರಕೆಯಂತೆ ಮೇಲಕ್ಕೆತ್ತುವುದು ಹೊಸಬರೆಲ್ಲರ ತಪ್ಪು. ಪ್ರತಿ ಬೀಸು ಹಿಂದಿನದರ ಅರ್ಧವನ್ನು ಮುಚ್ಚಲಿ. ದನಿ ಬಂದಾಗ ತೊಂಬತ್ತು ಡಿಗ್ರಿ ತಿರುಗಿ ಅಡ್ಡಲಾಗಿಯೂ ಬೀಸಿ, ಎರಡು ಗೆರೆಗಳು ಕೂಡುವಲ್ಲಿ ಅಗೆಯಬೇಕು. ಅಗೆದ ಮರಳನ್ನು ಜರಡಿ ಹಿಡಿದ ಮೇಲೆ ಕುಣಿಯನ್ನು ಮತ್ತೊಮ್ಮೆ ಯಂತ್ರದಿಂದ ನೋಡಿ, ಮುಚ್ಚಿಯೇ ಮುಂದೆ ನಡೆಯಬೇಕು. ಸಿಕ್ಕ ಮುಚ್ಚಳಗಳನ್ನು ಅಲ್ಲೇ ಬಿಸಾಡಿದರೆ ಮುಂದಿನ ವಾರ ಅವನ್ನೇ ಮತ್ತೆ ಅಗೆಯಬೇಕಾಗುತ್ತದೆ.

ಎಲ್ಲಿ ಅಗೆಯಬಾರದು ಎಂಬುದೂ ಕಲಿಕೆಯ ಭಾಗವೇ. ಹಳೆ ಗೋವಾದ ಚರ್ಚುಗಳಂಥ ಸಂರಕ್ಷಿತ ಸ್ಮಾರಕಗಳ ಆವರಣಕ್ಕೆ ಯಂತ್ರ ಒಯ್ಯಲೇಬಾರದು. ಮೊರ್ಜಿಂ, ಅಗೋಂದ, ಗಾಲ್ಜಿಬಾಗ್ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವುದರಿಂದ ಅಲ್ಲಿ ಮರಳು ಕೆದಕುವುದು ಸಲ್ಲದು. ಖಾಸಗಿ ತೋಟಕ್ಕೆ ಮಾಲೀಕರ ಒಪ್ಪಿಗೆ ಬೇಕು. 1961ರವರೆಗೆ ಪೋರ್ಚುಗೀಸ್ ಆಳ್ವಿಕೆಯಿದ್ದ ನೆಲವಾದ್ದರಿಂದ ಹಳೆಯ ತಂಗಾ, ರುಪಿಯಾ ನಾಣ್ಯ ಸಿಗುವ ಆಸೆ ಯಾರಿಗೂ ಸಹಜ. ಆದರೆ 1878ರ ನಿಧಿ ಕಾಯಿದೆಯ ಪ್ರಕಾರ, ಮಣ್ಣಿನಲ್ಲಿ ಅಡಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಡಿ ಪ್ರಾಚೀನ ವಸ್ತುವೂ ಆಗಬಹುದು. ಅಂಥದ್ದೇನಾದರೂ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಚಪಲ ಬೇಡ, ಅಕ್ಷರಗಳೇ ಸವೆದುಹೋಗುತ್ತವೆ.

ಮನೆಗೆ ಬಂದೊಡನೆ ಕಾಯಿಲನ್ನೂ ಕೋಲಿನ ಕೆಳಭಾಗವನ್ನೂ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಹೆಚ್ಚಿನ ಅಗ್ಗದ ಯಂತ್ರಗಳಲ್ಲಿ ಕಾಯಿಲು ಮಾತ್ರ ನೀರು ತಡೆಯುತ್ತದೆ. ಮೇಲಿನ ಗುಂಡಿಗಳ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.